ಒಂದು ಸುತ್ತು

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದ ತಾಯಂದಿರ ಪಾಡು ನಿಮಗೆ ಗೊತ್ತೇ ಇದೆ. ಮೊದಲ ವಾರ ಅಡಿಗೆಮನೆಯ ಡಬ್ಬಗಳನ್ನು ನಮ್ಮ ಪದ್ಧತಿಗೆ ಜೋಡಿಸುವುದು, ಎರಡನೆಯ ವಾರ ಮಗಳು ಅವನ್ನು ಸದ್ದಿಲ್ಲದೆ ತನ್ನ ಪದ್ಧತಿಗೆ ಮರಳಿಸುವುದು, ಮೂರನೆಯ ವಾರದಿಂದ ಕಿಟಕಿಯ ಬಳಿ ಕೂತು ಮಳೆ ನೋಡುವುದು. 2019ರ ಬೇಸಿಗೆಯಲ್ಲಿ ನಾನು ಹಾಗೆ ಕೂತಿದ್ದಾಗ ಕೈಹಿಡಿದು ಎಬ್ಬಿಸಿದವಳು 11 ವರ್ಷದ ಮೊಮ್ಮಗಳು. ಭಾನುವಾರ ನದಿಯಲ್ಲಿ ಹಾಯಿದೋಣಿಗಳ ಪಂದ್ಯ, ಅದರಲ್ಲಿ ಅವಳೂ ಇದ್ದಾಳೆ, ಅಜ್ಜಿ ಬಂದು ನೋಡಲೇಬೇಕು.

ಥೇಮ್ಸ್ ಎಂದರೆ ಲಂಡನ್ನಿನ ಸೇತುವೆಗಳ ಕೆಳಗೆ ಹರಿಯುವ ಕೆಸರು ಬಣ್ಣದ ಅಗಲವಾದ ನದಿ ಎಂದಷ್ಟೇ ತಿಳಿದಿದ್ದೆ. ಅವರ ಊರು ಇರುವುದು ನದಿಯ ಮೇಲ್ಭಾಗದಲ್ಲಿ. ಅಲ್ಲಿ ಅದು ನಮ್ಮ ತುಂಗೆಗಿಂತ ಕಿರಿದು. ಎರಡೂ ದಡದಲ್ಲಿ ಮರಗಳು ಒತ್ತಾಗಿ ಬೆಳೆದು ಗಾಳಿಯನ್ನು ತಡೆಯುತ್ತವೆ. ಇಂಥ ಕಡೆ ಹಾಯಿದೋಣಿ ನಡೆಸುವುದು ಹುಚ್ಚು ಅನ್ನಿಸಿತು. ಆದರೆ ಆ ಹುಚ್ಚು ಹಳೆಯದು. ಬೋರ್ನ್ ಎಂಡ್ ಎಂಬಲ್ಲಿನ ಅಪ್ಪರ್ ಥೇಮ್ಸ್ ಸೇಲಿಂಗ್ ಕ್ಲಬ್ ಶುರುವಾದದ್ದು 1884ರಲ್ಲಂತೆ. ಮರಗಳ ನೆತ್ತಿಯ ಮೇಲಿನ ಗಾಳಿ ಸಿಗಲೆಂದು 40 ಅಡಿಗೂ ಮೀರಿದ ಕಂಬ ನೆಟ್ಟ ದೋಣಿಗಳು ಅಲ್ಲಿ ಇವತ್ತಿಗೂ ಓಡುತ್ತವೆ.

ಮೊಮ್ಮಗಳದು ಅಂಥ ದೊಡ್ಡಸ್ತಿಕೆಯ ದೋಣಿಯಲ್ಲ. ನಮ್ಮ ಹಳೆಯ ಮನೆಗಳಲ್ಲಿದ್ದ ಮರದ ಮರಿಗೆಯನ್ನು ನೀರಿಗೆ ಬಿಟ್ಟು ಒಂದು ಬಟ್ಟೆ ಕಟ್ಟಿದ ಹಾಗೆ ಇತ್ತು. ಹೆಸರು ಆಪ್ಟಿಮಿಸ್ಟ್. ಉದ್ದ 2.36 ಮೀಟರ್, ತೂಕ 35 ಕಿಲೋ, ಒಂದೇ ಹಾಯಿ, ಒಂದೇ ಮಗು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎನ್ನುವವರು ಪ್ಲೈವುಡ್ಡಿನಲ್ಲಿ ಅಗ್ಗವಾಗಿ ಮಾಡಲು ಬರುವಂತೆ ಇದನ್ನು ರೂಪಿಸಿದರು. ಇವತ್ತು ಜಗತ್ತಿನ ಎಷ್ಟೋ ಮಕ್ಕಳು ಹಾಯಿ ಹಿಡಿಯಲು ಕಲಿಯುವುದು ಇದರಲ್ಲಿಯೇ.

ಪಂದ್ಯ ಶುರುವಾಯಿತು. ನದಿಯ ನಡುವೆ ಅಲ್ಲಲ್ಲಿ ಗಾಳಿ ತುಂಬಿದ ಕಿತ್ತಳೆ ಬಣ್ಣದ ದೊಡ್ಡ ಚೆಂಡುಗಳನ್ನು ಲಂಗರು ಹಾಕಿ ನಿಲ್ಲಿಸಿರುತ್ತಾರೆ. ಅವಕ್ಕೆ ಮಾರ್ಕ್ ಎಂದು ಹೆಸರು. ಅವನ್ನು ಸುತ್ತಿಕೊಂಡು ಬರಬೇಕು. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು, ಅಂಕುಡೊಂಕಾಗಿಯೇ ಸಾಗಬೇಕು. ನಮ್ಮ ಹುಡುಗಿ ಮೂರನೆಯವಳಾಗಿದ್ದಳು. ನನ್ನ ಎದೆ ಉಬ್ಬಿತ್ತು. ಮೇಲ್ಗಡೆಯ ಮಾರ್ಕ್ ದಾಟಿದ ಮೇಲೆ ಇದ್ದಕ್ಕಿದ್ದಂತೆ ಅವಳ ದೋಣಿ ಪಕ್ಕಕ್ಕೆ ಸರಿಯಿತು, ಗಿರಗಿಟ್ಟಲೆಯ ಹಾಗೆ ಒಂದು ಸುತ್ತು ತಿರುಗಿತು. ಅಷ್ಟರಲ್ಲಿ ಮೂರು ದೋಣಿ ಮುಂದೆ ಹೋದವು. ಕೊನೆಗೆ ಆರನೆಯವಳಾಗಿ ಬಂದಳು.

ಟವೆಲ್ ಹೊದಿಸುತ್ತಾ ಕೇಳಿದೆ, "ಯಾಕೆ ಪುಟ್ಟಿ, ನಡುನೀರಲ್ಲಿ ತಿರುಗಿದ್ದು? ಹೆದರಿಕೆ ಆಯ್ತಾ?"

"ಇಲ್ಲಜ್ಜಿ. ನೀರಿನ ಸೆಳವಿಗೆ ಮಾರ್ಕ್‌ಗೆ ತಾಗ್ಬಿಟ್ಟೆ. ತಾಗಿದ್ರೆ ಒಂದು ಸುತ್ತು ಹಾಕ್ಬೇಕು."

"ಹಾಕು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ."

"ಯಾರಾದ್ರೂ ನೋಡಿದ್ರಾ?"

"ಇಲ್ಲ ಅನ್ಸತ್ತೆ. ಮುಂದಿನವರು ಮುಂದೆ ನೋಡ್ತಿದ್ರು, ಹಿಂದಿನವರು ದೂರ ಇದ್ರು."

"ಮತ್ತೆ?"

ಈ 'ಮತ್ತೆ' ಅವಳಿಗೆ ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿ ಅಂದಳು, "ತಾಗಿತಲ್ಲ ಅಜ್ಜಿ."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಆ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ಅಳಿಯ ವಿವರಿಸಿದರು. ಇಂಥ ಕ್ಲಬ್ ಪಂದ್ಯಗಳಲ್ಲಿ ನೀರಿನ ಮೇಲೆ ಅಂಪೈರ್ ಇರುವುದಿಲ್ಲ. ಗಡಿಯಾರ ಹಿಡಿದು ದಡದಲ್ಲಿ ನಿಂತವರು ಹೊರಡುವ ಗೆರೆ, ಮುಗಿಯುವ ಗೆರೆ ನೋಡುತ್ತಾರೆ, ಅಷ್ಟೇ. ನಿಯಮದ ಪುಸ್ತಕದಲ್ಲಿ ಮೊದಲನೆಯ ನಿಯಮಕ್ಕೂ ಮುಂಚೆ ಬರೆದಿರುವುದೇ, ತಪ್ಪಿದವರು ಆ ಕೂಡಲೇ ತಾವಾಗಿ ದಂಡ ತೆಗೆದುಕೊಳ್ಳಬೇಕು ಎಂಬ ಮಾತು. ಮಾರ್ಕ್‌ಗೆ ತಾಗಿದರೆ ಒಂದು ಸುತ್ತು. ಇನ್ನೊಂದು ದೋಣಿಯ ಹಕ್ಕಿನ ದಾರಿಗೆ ಅಡ್ಡ ಬಂದರೆ ಎರಡು ಸುತ್ತು. ಸುತ್ತು ಹಾಕಿದ ಮೇಲೂ ತಪ್ಪಿನಿಂದ ದೊಡ್ಡ ಲಾಭವೇ ಉಳಿಯುವಂತಿದ್ದರೆ ಸುತ್ತು ಸಾಲದು, ಪಂದ್ಯದಿಂದಲೇ ಹಿಂದೆ ಸರಿಯಬೇಕು.

"ಎಲ್ಲರೂ ಧರ್ಮರಾಯರಲ್ಲ ಅತ್ತೆ," ಎಂದು ಅಳಿಯ ನಕ್ಕರು. "ತಾಗಿಸಿ ಸುಮ್ಮನೆ ಹೋಗೋರೂ ಇದ್ದಾರೆ. ಆಮೇಲೆ ಟೀ ಕುಡಿಯೋವಾಗ ಜಗಳ, ವಿಚಾರಣೆ ಎಲ್ಲಾ ಉಂಟು."

ಇದನ್ನು ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ 'ಆ ದೇಶದವರು ಎಂಥ ಪ್ರಾಮಾಣಿಕರು' ಎಂದು ನಾನೂ ಊರಿಗೆ ಬಂದು ಭಾಷಣ ಬಿಗಿಯುತ್ತಿದ್ದೆನೋ ಏನೋ! ಇದು ದೇಶದ ಮಾತಲ್ಲ. ನಾವು ಕುಂಟೆಬಿಲ್ಲೆ ಆಡಿದವರಲ್ಲವೇ? ಹಿತ್ತಲಿನಲ್ಲಿ ಸೀಮೆಸುಣ್ಣದ ಮನೆಗಳು, ಒಂಟಿಕಾಲಿನ ಕುಣಿತ. ಕಾಲಿನ ತುದಿ ಗೆರೆಗೆ ತಾಗಿದ್ದು ಗೊತ್ತಾಗುವುದು ತುಳಿದವಳ ಕಾಲಿಗೇ. "ಔಟ್ ಕಣೇ" ಎಂದು ತಾನೇ ಹೇಳಿ ಬಿಲ್ಲೆ ಕೊಟ್ಟ ಹುಡುಗಿಯರು ಎಷ್ಟು ಮಂದಿ! ಹೇಳದವಳೂ ಒಬ್ಬಳಿರುತ್ತಿದ್ದಳು. ಅವಳನ್ನು ಕಳ್ಳಾಟದವಳು ಅನ್ನುತ್ತಿದ್ದೆವು. ಹಾಗಾದರೆ ಆ ಹಿತ್ತಲಿನಲ್ಲಿ ನಮಗಿದ್ದದ್ದು ಆಮೇಲೆ ಎಲ್ಲಿ ಹೋಯಿತು?

ನನಗೆ ತೋಚುವುದು ಇದು. ಕುಂಟೆಬಿಲ್ಲೆಯಲ್ಲಿ ಔಟ್ ಆದರೆ ಹೋಗುವುದು ಒಂದು ಸರದಿ. ದೋಣಿಯಲ್ಲಿ ಹೋಗುವುದು ಒಂದು ಸುತ್ತಿನ ಹೊತ್ತು. ದಂಡ ಚಿಕ್ಕದು, ಮೊದಲೇ ಗೊತ್ತಿರುವಂಥದು, ತೆತ್ತ ಮೇಲೆ ಮುಗಿಯುವಂಥದು. ಸುತ್ತು ಹಾಕಿ ಬಂದ ಹುಡುಗಿಯನ್ನು ಆಮೇಲೆ ಯಾರೂ ಹಂಗಿಸುವುದಿಲ್ಲ. ನಮ್ಮ ಮನೆಗಳಲ್ಲಿ ಹೀಗಿದೆಯೇ? ಗಾಜಿನ ಲೋಟ ಒಡೆದ ಮಗುವಿಗೆ ನಾವು ಒಡೆದ ಲೋಟದ ಬೈಗುಳವನ್ನಷ್ಟೇ ಬೈಯುವುದಿಲ್ಲ. ಹೋದ ತಿಂಗಳ ಮಾರ್ಕ್ಸ್ ಕಾರ್ಡು, ಕಳೆದ ಛತ್ರಿ, ಅಪ್ಪನ ಕಡೆಯವರ ಬುದ್ಧಿ, ಎಲ್ಲ ಸೇರಿಸಿ ಬೈಯುತ್ತೇವೆ. ಮುಂದಿನ ಸಲ ಆ ಮಗು "ಬೆಕ್ಕು ಒಡೀತು" ಎಂದರೆ ಆ ಸುಳ್ಳಿನಲ್ಲಿ ನಮ್ಮ ಪಾಲೂ ಇದೆ. ನಿಜ ಹೇಳಿದವರು ತಡೆದುಕೊಳ್ಳಲಾರದಷ್ಟು ದಂಡ ಇಟ್ಟು, ನಿಜ ಹೇಳು ಎಂದರೆ ಹೇಗೆ?

ಇಷ್ಟು ಯೋಚಿಸಿ ನಾನು ಸಮಾಧಾನವಾಗಿರಬಹುದಿತ್ತು. ಆದರೆ 'ತಾಗಿತಲ್ಲ' ಎಂಬ ಮಾತು ನನ್ನ ನಿದ್ದೆ ಕೆಡಿಸಿತು. ಅದಕ್ಕೆ ಕಾರಣ ಬೇರೆ.

1994ರಲ್ಲಿ ನಾನು ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಎಂಟನೆಯ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಅತಿ ಹೆಚ್ಚು ಅಂಕ ಪಡೆದವಳಿಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ. ಕೊಟ್ಟದ್ದೂ ಆಯಿತು. ಮರುವರ್ಷ ಹಳೆಯ ಉತ್ತರಪತ್ರಿಕೆಗಳನ್ನು ರದ್ದಿಗೆ ಹಾಕಲು ಕಟ್ಟು ಬಿಚ್ಚಿದಾಗ ಒಬ್ಬ ಹುಡುಗಿಯ ಪತ್ರಿಕೆಯ ಕೊನೆಯಲ್ಲಿ ದಾರ ಕಟ್ಟಿದ ಹೆಚ್ಚುವರಿ ಹಾಳೆ ಕಂಡಿತು. ಅದರಲ್ಲಿ ನನ್ನದೇ ಕೆಂಪು ಶಾಯಿಯಲ್ಲಿ 6 ಅಂಕ. ಮೊದಲ ಪುಟದ ಮೊತ್ತಕ್ಕೆ ಅದು ಸೇರಿರಲಿಲ್ಲ. ಬಹುಮಾನ ಅವಳ ಕೈತಪ್ಪಿದ್ದು 4 ಅಂಕಗಳಲ್ಲಿ.

ಸ್ಟಾಫ್ ರೂಮಿನಲ್ಲಿ ಆಗ ಯಾರೂ ಇರಲಿಲ್ಲ. ಹೇಳಿದರೆ ಹೆಡ್ಮಿಸ್ಟ್ರೆಸ್ ಏನೆಂದಾರು, ಬಹುಮಾನ ಪಡೆದ ಹುಡುಗಿಯಿಂದ ಕಿತ್ತುಕೊಳ್ಳುವುದೇ, ಆಗಿಹೋದದ್ದಕ್ಕೆ ಈಗ ಯಾಕೆ? ನೆಪಗಳು ಸಾಲಾಗಿ ಬಂದವು. ಕಟ್ಟು ಕಟ್ಟಿದೆ. ರದ್ದಿಯವನು ತೂಕ ಮಾಡಿ ಒಯ್ದ.

ಅಳಿಯನಿಗೆ ಇದನ್ನು ಹೇಳಲಿಲ್ಲ. ಸುಮ್ಮನೆ ಕೇಳುವವಳ ಹಾಗೆ ಕೇಳಿದೆ, "ದಡದಲ್ಲಿ ಗಡಿಯಾರ ಹಿಡಿದವರೇ ತಪ್ಪು ಮಾಡಿದರೆ?"

"ಅದಕ್ಕೆ ಸುತ್ತು ಇಲ್ಲ ಅತ್ತೆ. ಯಾರಿಗೆ ನಷ್ಟ ಆಯ್ತೋ ಅವರ ಸ್ಥಾನವನ್ನ ಅವರಿಗೆ ಕೊಡಬೇಕು. ರಿಡ್ರೆಸ್ ಅಂತಾರೆ." ಆಮೇಲೆ, ತಮ್ಮದಲ್ಲದ ಕಾರಣಕ್ಕೆ ಸ್ಥಾನ ಕಳೆದುಕೊಂಡವರಿಗೆ ಅದನ್ನು ಹೇಗೆ ಮರಳಿಸುತ್ತಾರೆ ಎಂಬುದಕ್ಕೆ ಒಂದು ಕಥೆ ಹೇಳಿದರು. 1988ರ ಸೋಲ್ ಒಲಿಂಪಿಕ್ಸ್‌ನ ಹಾಯಿದೋಣಿ ಪಂದ್ಯಗಳು ಪೂಸಾನ್ ಕಡಲಿನಲ್ಲಿ ನಡೆದವು. ಕೆನಡಾದ ಲಾರೆನ್ಸ್ ಲೆಮ್ಯೂ ಒಂದು ಪಂದ್ಯದಲ್ಲಿ ಎರಡನೆಯವನಾಗಿ ಸಾಗುತ್ತಿದ್ದ. ಬೇರೊಂದು ಪಂದ್ಯದ ಸಿಂಗಾಪುರದ ದೋಣಿ ಮಗುಚಿ ಇಬ್ಬರು ನೀರಿಗೆ ಬಿದ್ದದ್ದು ಕಂಡಿತು. ಪಂದ್ಯ ಬಿಟ್ಟು ಹೋಗಿ ಅವರನ್ನು ಕಾಪಾಡಿದ. ಬಹಳ ಹಿಂದೆ ಬಿದ್ದ. ತೀರ್ಪುಗಾರರು ಆ ಪಂದ್ಯದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಮರಳಿ ಕೊಟ್ಟರು. ಕ್ರೀಡಾಮನೋಭಾವಕ್ಕಾಗಿ ಪಿಯರ್ ದ ಕೂಬರ್ತ್ಯಾ ಪದಕವೂ ಅವನಿಗೆ ಸಂದಿತು.

ಹಾಗಾದರೆ ನಾನು ಇಷ್ಟು ವರ್ಷ ಒಳಗೊಳಗೇ ಕೊರಗಿ ಹಾಕಿದ ಸುತ್ತುಗಳಿಗೆ ಅರ್ಥವೇ ಇರಲಿಲ್ಲ. ನಾನು ದೋಣಿಯಲ್ಲಿದ್ದವಳಲ್ಲ, ದಡದಲ್ಲಿ ಗಡಿಯಾರ ಹಿಡಿದವಳು. ನನ್ನ ಕೊರಗಿನಿಂದ ಆ ಹುಡುಗಿಗೆ ಏನೂ ಮರಳಿ ಸಿಗುವುದಿಲ್ಲ.

ಊರಿಗೆ ಬಂದ ಮೇಲೆ ಹಳೆಯ ಸಹೋದ್ಯೋಗಿಯಿಂದ ಅವಳ ನಂಬರು ಪಡೆದು ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವಳು ನಕ್ಕಳು. "ಅಯ್ಯೋ ಮೇಡಂ, ಅಷ್ಟು ಹಳೇ ವಿಷಯಾನ ಇನ್ನೂ ಇಟ್ಕೊಂಡಿದ್ದೀರಾ? ನಂಗೇ ನೆನಪಿಲ್ಲ." ನನಗೆ ಹಗುರವಾಗುತ್ತಿತ್ತು. ಅಷ್ಟರಲ್ಲಿ ಅವಳ ನಗು ನಿಂತಿತು.

"ಅಲ್ಲ ಮೇಡಂ, ನೆನಪಿದೆ. ಬಹುಮಾನ ನಂಗೇ ಬರತ್ತೆ ಅಂತ ಅಪ್ಪನಿಗೆ ಹೇಳ್ಬಿಟ್ಟಿದ್ದೆ. ಟೈಲರ್ ಅಂಗಡಿ ಮುಚ್ಚಿ ಬಂದು ಹಿಂದಿನ ಸಾಲಲ್ಲಿ ಕೂತಿದ್ರು. ಮನೆಗೆ ಬಂದ್ಮೇಲೆ ಸುಳ್ಳು ಯಾಕೆ ಹೇಳಿದೆ ಅಂತ ಬೈದ್ರು."

"ಈಗ ಹೇಗಿದ್ದಾರಮ್ಮ ಅಪ್ಪ?"

"ಹೋಗಿ ಎಂಟು ವರ್ಷ ಆಯ್ತು ಮೇಡಂ."

ಆಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು. ಮಕ್ಕಳ ವಿಷಯ ಮಾತಾಡಿದೆವು, ಊರಿಗೆ ಬಂದಾಗ ಮನೆಗೆ ಬಾ ಎಂದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಹಾಗೇ ಕೂತಿದ್ದೆ. ದಂಡವನ್ನು ಆ ಕೂಡಲೇ ತೆರಬೇಕು ಎಂದು ನಿಯಮದ ಪುಸ್ತಕ ಯಾಕೆ ಹೇಳುತ್ತದೆಂದು ಅವತ್ತು ತಿಳಿಯಿತು. ತಡವಾದರೆ ದಂಡ ದೊಡ್ಡದಾಗುತ್ತದೆ ಎಂದಲ್ಲ, ತೆಗೆದುಕೊಳ್ಳಬೇಕಾದವರು ಇರುವುದಿಲ್ಲ ಎಂದು.

ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ಅದನ್ನು ಅವಳ ಅಪ್ಪನಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ.