ಸೌಕರ್ಯವೂ ವಿಶ್ವಾಸವೂ: ರೋಮನ್ ಅಂಕಿಗಳ ಕಲಿಕೆಯನ್ನು ಕುರಿತು

ಮಕ್ಕಳಿಗೆ ಕಲಿಸುವ ವಿಷಯಗಳಲ್ಲಿ ರೋಮನ್ ಅಂಕಿಗಳಷ್ಟು ತಿರಸ್ಕಾರಕ್ಕೆ ಗುರಿಯಾದುವು ವಿರಳ. ಗಡಿಯಾರದ ಮುಖದಲ್ಲಿ, ಗ್ರಂಥಗಳ ಪೀಠಿಕೆಯ ಪುಟಗಳಲ್ಲಿ, ಐರೋಪ್ಯ ರಾಜರ ಹೆಸರುಗಳ ಕೊನೆಯಲ್ಲಿ ಅವು ಕಾಣಬರುವುವೇ ಹೊರತು ಅವುಗಳಿಂದ ಯಾರೂ ಲೆಕ್ಕಮಾಡುವುದಿಲ್ಲ. ಹುಡುಗನು ಎರಡು ದಿನ ನಿಯಮಗಳನ್ನು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಒಂದೆರಡು ಸಂಖ್ಯೆಗಳನ್ನು ಬರೆಯುತ್ತಾನೆ, ಆಮೇಲೆ ಮರೆಯುತ್ತಾನೆ. ಕೆಲಸಕ್ಕೆ ಬಾರದೆಂದು ಲೋಕವೇ ಕೈಬಿಟ್ಟುದನ್ನು ಎಳೆಯ ಬುದ್ಧಿಯ ಮೇಲೆ ಹೇರುವುದು ನ್ಯಾಯವೇ ಎಂದು ತಂದೆತಾಯಿಗಳು ಕೇಳಿದರೆ, ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮಗುವಿನ ಕಾಲವೂ ಒಂದು ಧನವೇ. ಅದನ್ನು ವ್ಯಯಮಾಡುವ ಉಪಾಧ್ಯಾಯನು ಲೆಕ್ಕ ಒಪ್ಪಿಸಬೇಕು.

ಕಲಿಯಬೇಕಾದುದು ಹೆಚ್ಚೇನೂ ಇಲ್ಲ. ಲ್ಯಾಟಿನ್ ವರ್ಣಮಾಲೆಯ ಏಳು ಅಕ್ಷರಗಳು ಸಾಕು: ಐ ಎಂದರೆ ೧, ವಿ ೫, ಎಕ್ಸ್ ೧೦, ಎಲ್ ೫೦, ಸಿ ೧೦೦, ಡಿ ೫೦೦, ಎಮ್ ೧೦೦೦. ದೊಡ್ಡದರ ಬಲಕ್ಕೆ ಚಿಕ್ಕದು ಬಂದರೆ ಕೂಡಬೇಕು. ಎಡಕ್ಕೆ ಬಂದರೆ ಕಳೆಯಬೇಕು. ಐ, ಎಕ್ಸ್, ಸಿ ಎಂಬಿವನ್ನು ಮೂರು ಸಲದವರೆಗೆ ಒತ್ತಿನಲ್ಲಿ ಬರೆಯಬಹುದು. ವಿ, ಎಲ್, ಡಿ ಎಂಬಿವನ್ನು ಎರಡನೆಯ ಸಲ ಬರೆಯಕೂಡದು. ಕಳೆಯುವುದರಲ್ಲಿಯೂ ಒಂದು ಮೇರೆಯುಂಟು. ಒಂದನ್ನು ಐದರಿಂದಲೂ ಹತ್ತರಿಂದಲೂ ಮಾತ್ರ ಕಳೆಯಬಹುದು, ನೂರರಿಂದ ಕಳೆಯುವಂತಿಲ್ಲ. ಆದುದರಿಂದ ೯೯ ಎಂಬುದನ್ನು ಮೊದಲು ತೊಂಬತ್ತಾಗಿಯೂ ಬಳಿಕ ಒಂಬತ್ತಾಗಿಯೂ ಒಡೆದು, ಎಕ್ಸ್-ಸಿ-ಐ-ಎಕ್ಸ್ ಎಂದೇ ಬರೆಯಬೇಕು. ಇಷ್ಟು ತಿಳಿದ ಹುಡುಗನು ಒಂದು ವಿಚಿತ್ರವನ್ನು ತಾನಾಗಿಯೇ ಕಂಡುಕೊಳ್ಳುವನು: ೧೮೮೮ನ್ನು ಬರೆಯಲು ೧೩ ಅಕ್ಷರಗಳು ಬೇಕು, ಅದಕ್ಕಿಂತ ದೊಡ್ಡದಾದ ೨೦೦೦ಕ್ಕೆ ಎರಡೇ ಎಮ್‌ಗಳು ಸಾಕು. ಬರೆಹದ ಉದ್ದಕ್ಕೂ ಸಂಖ್ಯೆಯ ಹಿರಿಮೆಗೂ ಇಲ್ಲಿ ಸಂಬಂಧವಿಲ್ಲ.

ಈ ನಿಯಮಗಳನ್ನು ಶಾಲೆಯಲ್ಲಿ ಹೇಳಿಕೊಡುವಷ್ಟು ಬಿಗಿಯಾಗಿ ರೋಮನರೇ ಪಾಲಿಸಿದವರಲ್ಲ. ಕ್ರಿ. ಶ. ೮೦ರಲ್ಲಿ ತೆರೆಯಲಾದ ಕೊಲೋಸಿಯಮ್ ಎಂಬ ಮಹಾ ರಂಗಶಾಲೆಯ ಬಾಗಿಲುಗಳ ಮೇಲೆ ಇಂದಿಗೂ ಉಳಿದಿರುವ ಸಂಖ್ಯೆಗಳಲ್ಲಿ, ೪೪ ಎಂಬುದು ಎಕ್ಸ್-ಎಲ್ ಆದ ಮೇಲೆ ನಾಲ್ಕು ನಿಲುಗೀಟುಗಳಾಗಿ ಕಾಣುತ್ತದೆ. ನಲವತ್ತಕ್ಕೆ ಕಳೆಯುವ ಕ್ರಮ, ನಾಲ್ಕಕ್ಕೆ ಕೂಡುವ ಕ್ರಮ. ಒಂದೇ ಸಂಖ್ಯೆಯಲ್ಲಿ ಎರಡೂ ಇವೆ. ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ನಾಲ್ಕು ಗೀಟುಗಳನ್ನು ಕಂಡು ತಪ್ಪೆಂದು ಹೇಳುವ ಜಾಣ ಹುಡುಗನಿಗೆ ಈ ಬಾಗಿಲುಗಳೇ ಉತ್ತರ. ಇನ್ನು ಕಳೆಯುವ ಭಾವನೆ ಭಾರತೀಯರಿಗೆ ಹೊಸದೂ ಅಲ್ಲ. ಹತ್ತೊಂಬತ್ತನ್ನು ಲ್ಯಾಟಿನ್ ಭಾಷೆಯಲ್ಲಿ ‘ಇಪ್ಪತ್ತಕ್ಕೆ ಒಂದು ಕಡಮೆ’ ಎಂಬ ಅರ್ಥದ ಮಾತಿನಿಂದ ಹೇಳುತ್ತಿದ್ದರು. ಸಂಸ್ಕೃತದ ಏಕೋನವಿಂಶತಿಯೂ ಅದೇ ಅಲ್ಲವೆ?

ಸೊನ್ನೆಯನ್ನು ಲೋಕಕ್ಕೆ ಕೊಟ್ಟ ನಾಡಿನವರಿಗೆ ಈ ಅಕ್ಷರಗಳನ್ನು ಕಂಡಾಗ ನಗೆ ಬರುವುದು ಸಹಜ. ಆದರೆ ನಗುವ ಮುನ್ನ, ಆ ಬರೆಹದಿಂದ ರೋಮನರು ಏನನ್ನು ಬಯಸಿದ್ದರೆಂದು ವಿಚಾರಿಸುವುದು ನ್ಯಾಯ. ೧೨೬ಕ್ಕೆ ೬೨ನ್ನು ಕೂಡಬೇಕೆಂದಿಟ್ಟುಕೊಳ್ಳೋಣ. ಮೊದಲನೆಯದು ಒಂದು ಸಿ, ಎರಡು ಎಕ್ಸ್, ಒಂದು ವಿ, ಒಂದು ಐ. ಎರಡನೆಯದು ಒಂದು ಎಲ್, ಒಂದು ಎಕ್ಸ್, ಎರಡು ಐ. ಎಲ್ಲವನ್ನೂ ಒಂದೆಡೆ ರಾಶಿಹಾಕಿ ಹಿರಿದರಿಂದ ಕಿರಿದಕ್ಕೆ ಜೋಡಿಸಿದರೆ ಸಿ, ಎಲ್, ಮೂರು ಎಕ್ಸ್, ವಿ, ಮೂರು ಐ ಆಗಿ ೧೮೮ ಎಂಬ ಮೊತ್ತ ಬಂದೇಬಿಟ್ಟಿತು. ಮಗ್ಗಿಯೂ ಬೇಡ, ದಶಕವೂ ಬೇಡ. ಐದು ಐ ಸೇರಿದರೆ ಒಂದು ವಿ, ಎರಡು ವಿ ಸೇರಿದರೆ ಒಂದು ಎಕ್ಸ್ ಎಂಬುದು ತಿಳಿದರೆ ಯಾವ ಕೂಡಿಕೆಯೂ ಸಾಗುತ್ತದೆ. ಚೀಲದಲ್ಲಿರುವ ನಾಣ್ಯಗಳನ್ನು ಬಗೆಬಗೆಯಾಗಿ ವಿಂಗಡಿಸುವಂತೆಯೇ ಇದೂ ಒಂದು ಕೆಲಸ. ದೊಡ್ಡ ಲೆಕ್ಕಗಳನ್ನು ರೋಮನರು ಬರೆದು ಮಾಡುತ್ತಲೇ ಇರಲಿಲ್ಲ. ಮಣೆಯ ಮೇಲೆ ಸಣ್ಣ ಕಲ್ಲುಗಳನ್ನು ಸರಿಸಿ ಮಾಡುತ್ತಿದ್ದರು. ಗಣನೆಗೆ ಐರೋಪ್ಯ ಭಾಷೆಗಳಲ್ಲಿರುವ ‘ಕ್ಯಾಲ್ಕುಲೇಷನ್’ ಎಂಬ ಮಾತು ಹುಟ್ಟಿದ್ದು, ಹರಳುಕಲ್ಲು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ. ಕಲ್ಲುಗಳು ಲೆಕ್ಕಮಾಡಿ ಮುಗಿಸಿದ ಮೇಲೆ ಬಂದ ಫಲವನ್ನು ಹಿಡಿದಿಡುವುದಷ್ಟೆ ಅಕ್ಷರಗಳ ಕೆಲಸ. ನೇಗಿಲಿನಿಂದ ಬಟ್ಟೆ ಹೊಲಿಯಲಾಗದೆಂದು ನೇಗಿಲನ್ನು ಜರೆಯುವುದು ಸಲ್ಲದು.

ಹಾಗೆಂದು ಎರಡು ಪದ್ಧತಿಗಳೂ ಸಮವೆಂದು ಹೇಳುವುದು ದಾಕ್ಷಿಣ್ಯದ ಮಾತಾದೀತು. ರೋಮನ್ ಅಕ್ಷರಕ್ಕೆ ತನ್ನ ಬೆಲೆ ತನ್ನಲ್ಲಿಯೇ ಇದೆ. ಎಕ್ಸ್ ಎಲ್ಲಿ ಕುಳಿತರೂ ಹತ್ತೇ, ಹೆಚ್ಚೆಂದರೆ ಕೂಡುವ ಹತ್ತು ಇಲ್ಲವೆ ಕಳೆಯುವ ಹತ್ತು. ಭಾರತೀಯ ಅಂಕಿಗಾದರೋ ಬೆಲೆಯನ್ನು ಕೊಡುವುದು ಅದರ ಸ್ಥಾನ. ಒಂದೇ ೩ ಎಂಬುದು ಒಂದೆಡೆ ಮೂರು, ಮುಂದಿನ ಮನೆಯಲ್ಲಿ ಮೂವತ್ತು, ಅದರಾಚೆ ಮುನ್ನೂರು. ಖಾಲಿಯಾದ ಮನೆಯನ್ನು ಕಾಯಲು ಸೊನ್ನೆಯಿದೆ. ಈ ಒಂದು ಯುಕ್ತಿಯಿಂದ ಬರೆಹವೇ ಲೆಕ್ಕಮಾಡುವ ಸಾಧನವಾಯಿತು. ಕಲ್ಲೂ ಮಣೆಯೂ ಬೇಡವಾದುವು. ಬ್ರಹ್ಮಗುಪ್ತನು ೬೨೮ರಲ್ಲಿ ಸೊನ್ನೆಯ ಗಣಿತಕ್ಕೆ ನಿಯಮಗಳನ್ನು ಹೇಳಿದನು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅರಬರ ಮೂಲಕ ಪಶ್ಚಿಮಕ್ಕೆ ಹೋದ ಈ ವಿದ್ಯೆಯನ್ನು ಪೀಸಾ ನಗರದ ಲಿಯೊನಾರ್ಡೊ ಎಂಬವನು ಬಾಲ್ಯದಲ್ಲಿ ಉತ್ತರ ಆಫ್ರಿಕದ ಬುಜಿಯ ಪಟ್ಟಣದಲ್ಲಿ ಕಲಿತು, ೧೨೦೨ರಲ್ಲಿ ‘ಲಿಬೆರ್ ಅಬಾಚಿ’ ಎಂಬ ದೊಡ್ಡ ಗ್ರಂಥವನ್ನು ಬರೆದನು. ಇವು ಭಾರತೀಯರ ಒಂಬತ್ತು ಅಂಕಿಗಳೆಂದು ಅವನು ಮರೆಮಾಚದೆ ಹೇಳಿರುವುದು ಅವನ ದೊಡ್ಡತನ.

ಇಷ್ಟು ಗುಣವುಳ್ಳ ವಿದ್ಯೆಯನ್ನು ಯೂರೋಪಿನ ವರ್ತಕರು ಎರಡೂ ಕೈ ನೀಡಿ ಬರಮಾಡಿಕೊಂಡಿರಬೇಕೆಂದು ವಾಚಕರು ಊಹಿಸಬಹುದು. ನಡೆದದ್ದು ಬೇರೆ. ಲಿಯೊನಾರ್ಡೊನ ಗ್ರಂಥ ಹೊರಬಂದು ಸುಮಾರು ನೂರು ವರ್ಷಗಳಾದ ಮೇಲೆ, ೧೨೯೯ರಲ್ಲಿ, ಫ್ಲಾರೆನ್ಸ್ ನಗರದ ಹಣ ವಿನಿಮಯದ ಶ್ರೇಣಿಯವರು ತಮ್ಮ ಲೆಕ್ಕದ ಪುಸ್ತಕಗಳಲ್ಲಿ ಈ ಹೊಸ ಅಂಕಿಗಳನ್ನು ಬರೆಯಕೂಡದೆಂದೂ ಮೊತ್ತಗಳನ್ನು ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದೂ ಕಟ್ಟಳೆ ಮಾಡಿದರು. ಇದನ್ನು ಓದಿ, ಹಳೆಯದಕ್ಕೆ ಜೋತುಬಿದ್ದ ಮೂಢರೆಂದು ಅವರನ್ನು ಹಳಿಯುವುದು ಸುಲಭ. ಆದರೆ ಹಣದ ಲೇವಾದೇವಿ ನಡೆಸುವವರು ಮೂಢರಾಗಿರುವುದು ಅಪೂರ್ವ. ಅವರ ಶಂಕೆಗೆ ಸಾಮಾನ್ಯವಾಗಿ ಕೊಡುವ ಕಾರಣವನ್ನು ಯಾವ ಶಾನುಭೋಗನಾದರೂ ಒಪ್ಪುವನು. ಸೊನ್ನೆಗೆ ಒಂದು ಬಾಲ ಎಳೆದರೆ ಆರು ಅಥವಾ ಒಂಬತ್ತು. ನೂರರ ಬಲಕ್ಕೆ ಇನ್ನೊಂದು ಸೊನ್ನೆಯಿಟ್ಟರೆ ಸಾವಿರ. ಸ್ಥಾನದಿಂದ ಬೆಲೆ ಬರುವ ಪದ್ಧತಿಯಲ್ಲಿ ಒಂದು ಗೆರೆಯ ಮೋಸಕ್ಕೆ ಹತ್ತು ಪಟ್ಟು ಫಲ. ರೋಮನ್ ಅಕ್ಷರಗಳಲ್ಲಿಯೂ ಮೋಸಕ್ಕೆ ಎಡೆಯಿಲ್ಲದಿಲ್ಲ. ಎರಡು ಗೀಟಿಗೆ ಮೂರನೆಯದನ್ನು ಸೇರಿಸುವುದೇನು ಕಷ್ಟ? ಅದಕ್ಕಾಗಿಯೇ ಮಧ್ಯಯುಗದ ಬರೆಹಗಾರರು ಸಾಲಿನ ಕೊನೆಯ ಗೀಟನ್ನು ಕೆಳಕ್ಕೆ ಬಾಗಿಸಿ ಜೆ ಅಕ್ಷರದಂತೆ ಎಳೆದು, ಇಲ್ಲಿಗೆ ಮುಗಿಯಿತೆಂದು ಮುದ್ರೆಯೊತ್ತುತ್ತಿದ್ದರು.

ಇಲ್ಲಿ ವಿಚಾರಮಾಡಬೇಕಾದ ಧರ್ಮಸೂಕ್ಷ್ಮವೊಂದುಂಟು. ಒಂದು ಸಾಧನವು ಕೆಲಸವನ್ನು ಹಗುರಮಾಡುವುದು ಒಂದು ಗುಣ. ಅದನ್ನು ನಂಬಬಹುದಾಗಿರುವುದು ಇನ್ನೊಂದು ಗುಣ. ಮೊದಲನೆಯದು ಇದ್ದಲ್ಲಿ ಎರಡನೆಯದೂ ಇರುವುದೆಂದು ಜನರು ಎಣಿಸುವರು; ಎಷ್ಟೋ ವೇಳೆ ಮೊದಲನೆಯದೇ ಎರಡನೆಯದರ ಕೇಡಿಗೆ ಕಾರಣ. ಬರೆಯಲು ಸುಲಭವಾದುದು ತಿದ್ದಲೂ ಸುಲಭ. ಫ್ಲಾರೆನ್ಸಿನವರು ಈ ಭೇದವನ್ನು ಕಂಡುದು ಸರಿ; ಕಂಡು, ಹೊಸದನ್ನು ನಿಷೇಧಿಸಿದುದು ಸರಿಯಲ್ಲ. ನಿಷೇಧ ನಿಲ್ಲಲೂ ಇಲ್ಲ; ಕಾಲಕ್ರಮದಲ್ಲಿ ವರ್ತಕರ ಪುಸ್ತಕಗಳೆಲ್ಲ ಹೊಸ ಅಂಕಿಗಳಿಂದಲೇ ತುಂಬಿದುವು. ಆದರೆ ಆ ಶಂಕೆ ಮಾತ್ರ ಸಾಯಲಿಲ್ಲ. ಬ್ಯಾಂಕಿನ ಚೆಕ್ಕನ್ನು ಬರೆಯುವ ಪ್ರತಿಯೊಬ್ಬನೂ ಮೊತ್ತವನ್ನು ಅಂಕಿಗಳಲ್ಲಿ ಒಮ್ಮೆ, ಅಕ್ಷರಗಳಲ್ಲಿ ಇನ್ನೊಮ್ಮೆ ಬರೆಯುತ್ತಾನೆ. ಎರಡಕ್ಕೂ ವ್ಯತ್ಯಾಸ ಬಂದರೆ ಯಾವುದು ನಿಲ್ಲತಕ್ಕುದು? ಭಾರತದ ೧೮೮೧ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ೧೮ನೆಯ ಪ್ರಕರಣದಂತೆ, ಅಕ್ಷರಗಳಲ್ಲಿ ಬರೆದುದೇ ನಿಲ್ಲತಕ್ಕುದು. ಸೊನ್ನೆಯ ತವರುಮನೆಯಲ್ಲಿಯೂ ನ್ಯಾಯಾಸನದ ಮುಂದೆ ಅಂಕಿಯು ಅಕ್ಷರಕ್ಕೆ ತಲೆಬಾಗಬೇಕು! ನಿಷೇಧಕ್ಕಿಂತ ಇದು ವಿವೇಕದ ದಾರಿ: ಲೆಕ್ಕಕ್ಕೆ ಸುಲಭವಾದುದು, ಸಾಕ್ಷಿಗೆ ಕಷ್ಟವಾದುದು.

ಈ ವಿವೇಕ ಕನ್ನಡ ನಾಡಿನ ಕಲ್ಲುಗಳಿಗೂ ತಿಳಿದಿದ್ದಿತು. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯು ೫೪೩ರಲ್ಲಿ ಕೆತ್ತಿಸಿದ ಶಾಸನದಲ್ಲಿ ಶಕವರ್ಷ ೪೬೫ ಎಂಬುದು ಅಂಕಿಗಳಲ್ಲಿಲ್ಲ. ನಾಲ್ಕು ನೂರಕ್ಕೆ ಅರವತ್ತೈದು ಕೂಡಿದ ವರ್ಷವೆಂದು ಮಾತಿನಲ್ಲಿದೆ. ಬ್ರಹ್ಮಗುಪ್ತನ ಗ್ರಂಥವಾಗಿ ಆರು ವರ್ಷಗಳಾದ ಮೇಲೆ ಐಹೊಳೆಯ ಮೇಗುಟಿಯ ಜಿನಾಲಯದಲ್ಲಿ ರವಿಕೀರ್ತಿಯು ಬರೆದ ಪ್ರಶಸ್ತಿಯಲ್ಲಿಯೂ ಅದೇ ರೀತಿ. ಭಾರತಯುದ್ಧದಿಂದ ಕಳೆದ ೩೭೩೫ ವರ್ಷಗಳನ್ನು ಅವನು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂಬ ಕ್ರಮದಲ್ಲಿ ಹೇಳುತ್ತಾನೆ. ಛಂದಸ್ಸಿಗಾಗಿ ಮೂವತ್ತು ಮೂರು ಸಾವಿರಕ್ಕಿಂತ ಮುಂದೆ ಬಂದರೂ ಮೊತ್ತಕ್ಕೆ ಕುಂದಿಲ್ಲ. ಏಕೆಂದರೆ ರೋಮನ್ ಅಕ್ಷರದಂತೆಯೇ ಪ್ರತಿಯೊಂದು ಮಾತೂ ತನ್ನ ಬೆಲೆಯನ್ನು ತಾನೇ ಹೊತ್ತಿದೆ. ಅಂಕಿಗಳನ್ನು ಹೀಗೆ ಹಿಂದುಮುಂದು ಮಾಡಿದರೆ ವರ್ಷವೇ ಬೇರೆಯಾಗಿಬಿಡುತ್ತಿದ್ದಿತು. ಪದ್ಯದ ಅನುಕೂಲವೂ ಇದಕ್ಕೆ ಕಾರಣವೆಂಬುದು ನಿಜ. ಆದರೆ ಸಾವಿರ ವರ್ಷ ನಿಲ್ಲಬೇಕಾದುದಕ್ಕೆ ಒಂದೊಂದು ಗೆರೆಯನ್ನು ನಂಬದೆ ತುಂಬು ಮಾತನ್ನು ನಂಬಿದುದರಿಂದಲೇ ಇಂದು ಆ ವರ್ಷಗಳನ್ನು ಸಂಶಯವಿಲ್ಲದೆ ಓದಲಾಗಿದೆ.

ಆದುದರಿಂದ ರೋಮನ್ ಅಂಕಿಗಳನ್ನು ಬರಿಯ ನಿಯಮಗಳ ಪಟ್ಟಿಯಾಗಿ ಕಲಿಸುವುದಾದರೆ ತಂದೆತಾಯಿಗಳ ಆಕ್ಷೇಪಣೆ ನಿಲ್ಲತಕ್ಕುದೇ. ಅಂಥ ಪಾಠವನ್ನು ಇಂದೇ ಕೈಬಿಟ್ಟರೂ ನಷ್ಟವಿಲ್ಲ. ಆದರೆ ಒಂದೇ ಬರೆಹವನ್ನು ಬಲ್ಲ ಮಗುವು ಬರೆಹವನ್ನೇ ಸಂಖ್ಯೆಯೆಂದು ತಿಳಿಯುತ್ತದೆ. ೫ ಎಂಬ ಗೆರೆಯೇ ಐದು ಅದಕ್ಕೆ. ಎರಡನೆಯ ಬರೆಹವನ್ನು ಕಲಿತಾಗಲೇ ಗೆರೆ ಬೇರೆ, ಐದು ಬೇರೆ ಎಂಬುದು ಹೊಳೆಯುವುದು. ತಾನು ದಿನವೂ ಬಳಸುವ ಸೊನ್ನೆಯು ಆಕಾಶದಿಂದ ಬಿದ್ದುದಲ್ಲ, ಯಾರೋ ಯೋಚಿಸಿ ಕಂಡದ್ದು ಎಂಬುದೂ ಆಗಲೇ ತಿಳಿಯುವುದು. ಕನ್ನಡದ ಮನೆಗಳಿಗೆ ಇದು ದೂರದ ಮಾತಲ್ಲ. ೧೯೫೦ರ ಸಂವಿಧಾನವು ಒಕ್ಕೂಟದ ಕಾರ್ಯಗಳಿಗೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು ಅಂಗೀಕರಿಸಿತು. ವ್ಯವಹಾರಕ್ಕೆ ಅದು ಸುಲಭ. ಆದರೆ ರೋಮನ್ ಅಕ್ಷರಗಳನ್ನು ನೋಡಿ ನಗುವ ಹುಡುಗನು ಅಜ್ಜನ ಕೈಬರೆಹದ ಪಂಚಾಂಗದಲ್ಲಿರುವ ೬ ಮತ್ತು ೯ಗಳ ನಡುವೆ ತಡವರಿಸುತ್ತಿದ್ದರೆ, ನಗೆಯನ್ನು ಸ್ವಲ್ಪ ತಡೆದುಕೊಳ್ಳುವುದೊಳ್ಳೆಯದು.

ಜರ್ಮನಿಯ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿ ಮಾರ್ಕಸ್ ಕೇಲಿಯಸ್ ಎಂಬ ರೋಮನ್ ದಳಪತಿಯ ಸ್ಮಾರಕಶಿಲೆಯೊಂದಿದೆ. ಅವನು ಕ್ರಿ. ಶ. ೯ರಲ್ಲಿ ಸೇನಾನಿ ವರುಸನೊಡನೆ ಕಾಡಿನಲ್ಲಿ ಮಡಿದನು. ತಮ್ಮನು ಕಲ್ಲು ನಿಲ್ಲಿಸಿದನು. ಅವನ ವಯಸ್ಸು ಎಲ್, ಮೂರು ಗೀಟು, ಅರ್ಧವನ್ನು ಸೂಚಿಸುವ ಎಸ್ ಅಕ್ಷರ: ಐವತ್ತಮೂರೂವರೆ. ಅವನ ದಳದ ಸಂಖ್ಯೆಯಾದ ಹದಿನೆಂಟನ್ನು ಎಕ್ಸ್, ಎರಡು ಗೀಟು, ಮತ್ತೆ ಎಕ್ಸ್ ಎಂದು ಕೆತ್ತಿದ್ದಾರೆ. ಇಂದಿನ ಪರೀಕ್ಷಕನು ಅದನ್ನು ತಪ್ಪೆಂದು ಹೊಡೆದುಹಾಕುವನು. ಆ ಯುದ್ಧದಲ್ಲಿ ೧೭, ೧೮, ೧೯ ಎಂಬ ಮೂರು ದಳಗಳು ನಿರ್ನಾಮವಾದುವು. ಮುಂದೆ ರೋಮನರು ಎಷ್ಟೋ ಹೊಸ ದಳಗಳನ್ನು ಕಟ್ಟಿದರು. ಆ ಮೂರು ಸಂಖ್ಯೆಗಳನ್ನು ಮಾತ್ರ ಮತ್ತೆ ಯಾವ ದಳಕ್ಕೂ ಇಡಲಿಲ್ಲ.