ಮುಂದೆ ಓಡಿದ ಹನ್ನೊಂದು ನಿಮಿಷ

ಬಾಗಿಲ ಪಕ್ಕದ ಪಂಚ್ ಮಶೀನಿಗೆ ತಾಗಿಸಿದಂತೆ ತನ್ನ ಮೊಬೈಲ್ ಹಿಡಿದು ಆಕೆ ನಿಂತಿದ್ದಳು. ಮೊಬೈಲಿನಲ್ಲಿ 6:58. ಮಶೀನಿನಲ್ಲಿ 7:09. ಬೆರಳು ಒತ್ತಿಯಾಗಿತ್ತು, ಲೇಟ್ ಬಿದ್ದೂ ಆಗಿತ್ತು. ಮೂರು ಲೇಟಿಗೆ ಅರ್ಧ ದಿನದ ಪಗಾರ ಹೋಗುತ್ತದೆ.

ಸೋಲಾಪುರದಿಂದ ಪುಣೆ ಹೆದ್ದಾರಿ ಹಿಡಿದರೆ ಸಿಗುವ ಚಿಂಚೋಳಿ ಎಂಐಡಿಸಿಯಲ್ಲಿ ಅದೊಂದು ಟವೆಲ್ ಕಾರ್ಖಾನೆ. ಹೆಸರು ಬೇಡ. ಕಂಪ್ಯೂಟರ್ ಕೆಟ್ಟಾಗ ನನ್ನನ್ನು ಕರೆಯುವ ಹಲವು ಕಾರ್ಖಾನೆಗಳಲ್ಲಿ ಅದೂ ಒಂದು. ಆಕೆ ಅಕ್ಕಲಕೋಟೆ ಕಡೆಯವಳು, ಟವೆಲಿನ ಅಂಚು ಹೊಲಿಯುವ ಕೆಲಸ. ಸೂಪರ್‌ವೈಸರ್ ಜೊತೆ ಮರಾಠಿಯಲ್ಲಿ ವಾದ ಮಾಡಿ ಸಾಕಾಗಿದ್ದವಳು ನನ್ನ ಬಾಯಲ್ಲಿ ಕನ್ನಡ ಕೇಳಿ ಈ ಕಡೆ ತಿರುಗಿದಳು.

“ಅಣ್ಣಾ, ನಿಮ್ಮ ಮಶೀನ್ ಮುಂದ ಓಡಿದ್ರ ನಾ ಹಿಂದ ಬಿದ್ದಂಗಾತೇನ್ರಿ?”

ನೋಡ್ತೀನಿ ಅಕ್ಕಾ ಅಂದೆ. ಆ ಹೊತ್ತಿಗೆ ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಪಂಚ್ ಮಶೀನಿಗೆ ಸ್ವಂತ ಬುದ್ಧಿ ಇರುವುದಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿರುವ ಸರ್ವರ್ ಏನು ಹೇಳುತ್ತದೋ ಅದೇ ಅದಕ್ಕೆ ಹೊತ್ತು. ಆ ಸರ್ವರ್ ಒಮ್ಮೆಯೂ ನಿಲ್ಲದೆ 400 ದಿನ ಓಡಿತ್ತು. ಆ ಸಂಖ್ಯೆ ನೋಡಿ, ನಿಜ ಹೇಳಬೇಕೆಂದರೆ, ಮೊದಲು ಹೆಮ್ಮೆಯೇ ಆಯಿತು. ಇಷ್ಟು ದಿನ ಬಂದ್ ಆಗಿಲ್ಲ ಎಂದು ಎಣಿಸಿಕೊಂಡು ಮೀಸೆ ತಿರುವುವುದು ನಮ್ಮ ಕಸುಬಿನವರ ಚಟ. ಕಾಯಿಲೆ ಇದ್ದದ್ದೂ ಆ ಎಣಿಕೆಯಲ್ಲೇ.

ಕಂಪ್ಯೂಟರಿನಲ್ಲಿ ಗಡಿಯಾರ ಎರಡು. ಒಂದು, ನಾಲ್ಕಾಣೆ ನಾಣ್ಯದಂಥ ಬ್ಯಾಟರಿಯ ಮೇಲೆ ಬದುಕುವಂಥದ್ದು. ಸೆಕೆಂಡಿಗೆ 32,768 ಸಲ ಮಿಡಿಯುವ ಹರಳು ಅದರ ಜೀವ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಅರ್ಧಿಸುತ್ತ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಕಂಪ್ಯೂಟರ್ ಎದ್ದಾಗ ಇದರ ಮುಖ ಒಮ್ಮೆ ನೋಡುತ್ತದೆ, ಅಷ್ಟೇ. ಆಮೇಲೆ ಬೋರ್ಡಿನ ಮೇಲಿರುವ ಇನ್ನೊಂದು ಹರಳಿನ ಮಿಡಿತ ಹಿಡಿದು ತಾನೇ ಎಣಿಸಿಕೊಂಡು ಹೋಗುತ್ತದೆ. ಯುಗಾದಿಗೆ ಒಮ್ಮೆ ಪಂಚಾಂಗ ನೋಡಿ, ಉಳಿದ ವರ್ಷವೆಲ್ಲ ಬೆರಳೆಣಿಕೆಯಲ್ಲೇ ತಿಥಿ ಹೇಳುವ ಅಜ್ಜನ ಹಾಗೆ. ಅಜ್ಜನ ಲೆಕ್ಕ ತೀರಾ ಕೆಟ್ಟದ್ದೇನಲ್ಲ. ಇಂಥ ಹರಳು ಹತ್ತು ಲಕ್ಷಕ್ಕೆ ಇಪ್ಪತ್ತು ಮಿಡಿತ ಹೆಚ್ಚು ಕಡಿಮೆ ಮಾಡುವುದು ಮಾಮೂಲು. ದಿನಕ್ಕೆ 1.7 ಸೆಕೆಂಡು. ಇದನ್ನು ಯಾರು ಕೇಳುತ್ತಾರೆ? 400 ದಿನಕ್ಕೆ ಗುಣಿಸಿ: ಹನ್ನೊಂದು ನಿಮಿಷ ಚಿಲ್ಲರೆ.

ಇದನ್ನು ತಿದ್ದುವ ವ್ಯವಸ್ಥೆ ಇಲ್ಲವೆಂದಲ್ಲ. ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೀಸಿಯಂ ಪರಮಾಣುವಿನ 9,19,26,31,770 ಕಂಪನಕ್ಕೆ ಒಂದು ಸೆಕೆಂಡು ಎಂದು ಎಣಿಸಿ ದೇಶದ ಹೊತ್ತು ಕಾಯುತ್ತದೆ. ಸರ್ವರ್ ನೆಟ್ ಮೇಲೆ ಇಂಥ ಕಡೆ ‘ಗಂಟೆ ಎಷ್ಟಾಯಿತು’ ಎಂದು ಕೇಳುತ್ತದೆ, ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಹೊತ್ತನ್ನು ಅರ್ಧ ಮಾಡಿ ಕೂಡಿಸಿಕೊಳ್ಳುತ್ತದೆ. ಡೇವಿಡ್ ಮಿಲ್ಸ್ 1985ರಲ್ಲಿ ಬರೆದಿಟ್ಟ ಎನ್‌ಟಿಪಿ ಎಂಬ ಪದ್ಧತಿ ಇದು. ಹೋಗುವುದಕ್ಕೂ ಬರುವುದಕ್ಕೂ ಒಂದೇ ಹೊತ್ತು ಹಿಡಿದಿದೆ ಎಂಬ ನಂಬಿಕೆಯ ಮೇಲೆ ಎಲ್ಲ ನಿಂತಿದೆ, ಅದು ಬೇರೆ ಮಾತು. ನಮ್ಮ ಕಾರ್ಖಾನೆಯಲ್ಲಿ ಆದದ್ದು ಅದಕ್ಕಿಂತ ಸಾದಾ: ಹೊಸ ಫೈರ್‌ವಾಲ್ ಕೂರಿಸಿದವರು ಎನ್‌ಟಿಪಿ ಹಾಯುವ 123ನೇ ಪೋರ್ಟ್ ಮುಚ್ಚಿ ಹೋಗಿದ್ದರು. ಸರ್ವರ್ ಒಂದು ವರ್ಷದ ಮೇಲೆ ಯಾರನ್ನೂ ಕೇಳಿರಲಿಲ್ಲ. ಕೇಳದವನಿಗೆ ತಾನು ತಪ್ಪಿದ್ದೇನೆಂದು ಗೊತ್ತಾಗುವುದಾದರೂ ಹೇಗೆ? ಅದರ ಒಳಗೆ ಎಲ್ಲವೂ ಸರಿಯಾಗಿಯೇ ಇತ್ತು. ಪ್ರತಿ ದಾಖಲೆಯೂ ಹಿಂದಿನದಕ್ಕಿಂತ ಮುಂದಿನ ಹೊತ್ತಿನದು, ಒಂದಕ್ಕೊಂದು ತಾಳೆಯಾಗುವಂಥದು.

ಇಂಥ ಸಣ್ಣ ತಪ್ಪು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಆದದ್ದನ್ನು ನಮ್ಮ ಪುಸ್ತಕಗಳು ಹೇಳುತ್ತವೆ. ಪೇಟ್ರಿಯಟ್ ಕ್ಷಿಪಣಿಯ ಕಂಪ್ಯೂಟರ್ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಪೂರ್ತಿ ಹಿಡಿದಿಡಲಾಗದೆ ಚೂರು ಬಿಟ್ಟು ಎಣಿಸುತ್ತಿತ್ತು. ನೂರು ಗಂಟೆ ಬಂದ್ ಮಾಡದೆ ಓಡಿಸಿದಾಗ ಲೆಕ್ಕ 0.34 ಸೆಕೆಂಡು ತಪ್ಪಿತು. ಬರುತ್ತಿದ್ದ ಶತ್ರುವಿನ ಸ್ಕಡ್ ಕ್ಷಿಪಣಿ ಅದಕ್ಕೆ ಕಾಣಲಿಲ್ಲ. 28 ಸೈನಿಕರು ಸತ್ತರು. ತಿದ್ದಿದ ಸಾಫ್ಟ್‌ವೇರ್ ಮುಟ್ಟಿದ್ದು ಮರುದಿನ.

ಚಿಂಚೋಳಿಯಲ್ಲಿ ಯಾರೂ ಸಾಯಲಿಲ್ಲ. ಆದರೆ ಅಲ್ಲಿ ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಗಡಿಯಾರ ಮುಂದಿದ್ದರೆ ಬರುವಾಗ ಹನ್ನೊಂದು ನಿಮಿಷ ನಷ್ಟ, ಹೋಗುವಾಗ ಅಷ್ಟೇ ಲಾಭ ಆಗಬೇಕಲ್ಲ? ಆಗುವುದಿಲ್ಲ. ಓವರ್‌ಟೈಮ್ ಲೆಕ್ಕಕ್ಕೆ ಅರ್ಧ ಗಂಟೆಗಿಂತ ಕಡಿಮೆಯಾದದ್ದು ಬರುವುದೇ ಇಲ್ಲ. ಹರಳಿಗೆ ಪಕ್ಷಪಾತವಿಲ್ಲ, ಅದರ ತಪ್ಪು ಯಾರ ತಲೆಗೆ ಬರಬೇಕೆಂಬುದನ್ನು ನಿಯಮ ಮೊದಲೇ ಬರೆದಿಟ್ಟಿರುತ್ತದೆ.

ಗಿರಣಿ ಮಂದಿಗೆ ಇದು ಹೊಸದಲ್ಲ. 1906ರ ಜನವರಿಯಲ್ಲಿ ಭಾರತಕ್ಕೆಲ್ಲ ಒಂದೇ ಹೊತ್ತು ಎಂದು ಸರ್ಕಾರ ಸಾರಿದಾಗ ಮುಂಬಯಿಯ ಹೊತ್ತು 39 ನಿಮಿಷ ಮುಂದೆ ಹೋಗಬೇಕಾಯಿತು. ಸಾವಿರಾರು ಗಿರಣಿ ಕಾರ್ಮಿಕರು ಮಗ್ಗ ಬಿಟ್ಟು ಹೊರಬಂದು ಕಲ್ಲು ತೂರಿದರು. ಸೋಲಾಪುರದ ಲೆಕ್ಕ ಹಿಡಿದರೆ ನಮ್ಮ ಸೂರ್ಯ ಇವತ್ತಿಗೂ ಕೈಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದೆ ಇದ್ದಾನೆ. ಹಾಗೆ ನೋಡಿದರೆ ಆಕೆಯ ಮೊಬೈಲಿನ 6:58 ಕೂಡ ಈ ಊರಿನದಲ್ಲ, ಮಿರ್ಜಾಪುರದ ಹತ್ತಿರ ಹಾಯುವ ಒಂದು ರೇಖೆಯದು.

ಇನ್ನು ತಿದ್ದುವುದು ಹೇಗೆ? ಮುಳ್ಳು ಹಿಡಿದು ಒಮ್ಮೆಲೆ ಹನ್ನೊಂದು ನಿಮಿಷ ಹಿಂದೆ ತಿರುಗಿಸಬಹುದು. ಆಗ ಅದೇ ಹನ್ನೊಂದು ನಿಮಿಷ ದಫ್ತರಿನಲ್ಲಿ ಎರಡು ಸಲ ಬರುತ್ತದೆ. ಬಿಲ್ಲು ಆಗುವ ಮೊದಲೇ ಮಾಲು ಹೊರಟಂತೆ ಕಾಣುತ್ತದೆ. ಒಮ್ಮೆ ಆದ ಕೆಲಸ ಮತ್ತೊಮ್ಮೆ ಆಗುತ್ತದೆ. ಇಲ್ಲವೇ ಗಡಿಯಾರಕ್ಕೆ ಗೊತ್ತೇ ಆಗದಂತೆ ನಿಧಾನ ಮಾಡುತ್ತ ಬರಬಹುದು. ಅದಕ್ಕೂ ಮಿತಿಯಿದೆ: ಒಂದು ಸೆಕೆಂಡು ಸವೆಸಲು 2,000 ಸೆಕೆಂಡು ಬೇಕು. ನಮ್ಮ ತಪ್ಪು ಪೂರ್ತಿ ಸವೆಯಲು ಹತ್ತಿರ ಹತ್ತಿರ ಹದಿನಾರು ದಿನ. ಯಂತ್ರದ ಮಟ್ಟಿಗೆ ಇದೇ ಸಭ್ಯ ದಾರಿ. ಆದರೆ ಆ ಹದಿನಾರು ದಿನವೂ ಏಳರ ಪಾಳಿ ಇರುತ್ತದೆ, ಬೆರಳು ಒತ್ತುವವರು ಇರುತ್ತಾರೆ.

ಮೂರನೆಯ ದಾರಿ ಹಿಡಿದೆ. ಸೂಟಿಯ ದಿನ ಹೋಗಿ ಎಲ್ಲ ಕೆಲಸ ನಿಲ್ಲಿಸಿದೆ. ದಫ್ತರಿನ ಕೊನೆಯ ದಾಖಲೆ 4:52 ಎನ್ನುತ್ತಿತ್ತು. ಹೊರಗೆ ಇನ್ನೂ 4:41. ಗಡಿಯಾರ ಸರಿ ಮಾಡಿದೆ. ಇನ್ನು ಬರೆದಿಟ್ಟ ಹೊತ್ತನ್ನು ನಿಜವಾದ ಹೊತ್ತು ದಾಟುವ ತನಕ ಏನನ್ನೂ ಶುರು ಮಾಡುವಂತಿಲ್ಲ. ಕಾಯಬೇಕು. ಬೇವಿನ ಗಿಡದ ಕೆಳಗೆ ಕೂತೆ. ವಾಚ್‌ಮನ್ ಕಟಿಂಗ್ ಚಹಾ ತಂದ.

“ಯಾರ್ ಬರಬೇಕ್ರಿ ಸಾಹೇಬ್ರ?”

“ಯಾರೂ ಇಲ್ಲೋ ಮಾರಾಯ. ಟೈಮ್ ಬರಬೇಕು.”

ಕೆಲಸವಿಲ್ಲದೆ ಕೂತಾಗ ತಲೆ ಎಲ್ಲೆಲ್ಲೋ ಹೋಗುತ್ತದೆ. ನನಗೆ ಸೋಲಾಪುರದ ಸಿದ್ಧೇಶ್ವರನ ಜಾತ್ರೆ, ಗಡ್ಡಾ ಯಾತ್ರೆ, ನೆನಪಾಯಿತು. ಸಂಕ್ರಾಂತಿಗೆ ನಂದಿಧ್ವಜ ಹೊರಡುತ್ತವೆ, ಉತ್ತರಾಯಣ ಬಂತು ಎನ್ನುತ್ತೇವೆ. ಆದರೆ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ಕ್ಕೇ. ನಕ್ಷತ್ರ ಹಿಡಿದು ಎಣಿಸುವ ನಮ್ಮ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ. 72 ವರ್ಷಕ್ಕೆ ಒಂದು ದಿನ ಸರಿಯುತ್ತದೆ. ಹನ್ನೆರಡನೇ ಶತಮಾನದಲ್ಲಿ ಇದೇ ಸಿದ್ಧೇಶ್ವರ, ಅಂದರೆ ಸೊನ್ನಲಿಗೆಯ ಸಿದ್ಧರಾಮ, ಕೆರೆ ಕಟ್ಟಿಸುತ್ತಿದ್ದಾಗಲೇ ಸುಮಾರು ಹನ್ನೆರಡು ದಿನ ತಪ್ಪಿತ್ತು. ಈಗ ಇಪ್ಪತ್ನಾಲ್ಕು. ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಂದ್ ಆಗದೆ ಓಡುತ್ತಿರುವ ಸರ್ವರ್ ಅದು. ಆದರೂ ಸೋಲಾಪುರದಲ್ಲಿ ಸಂಕ್ರಾಂತಿಗೆ ಲೇಟಾಗಿ ಬಂದವರು ಯಾರೂ ಇಲ್ಲ, ಎಲ್ಲರೂ ಕೂಡಿಯೇ ತಪ್ಪಿದ್ದೇವೆ. ಅಕ್ಷತೆಯ ದಿನ ಸಮ್ಮತಿ ಕಟ್ಟೆಯ ಮೇಲೆ ಸಮ್ಮತಿ ಓದಿ ಮುಗಿದಾಗ ಸುತ್ತಲಿನ ಜನವೆಲ್ಲ ಅಕ್ಷತೆ ತೂರುತ್ತಾರೆ. ಮೈಕಿನಿಂದ ದೂರ ನಿಂತವನ ಕಿವಿಗೆ ಆ ದನಿ ಒಂದು ಸೆಕೆಂಡು ತಡವಾಗಿ ಮುಟ್ಟುತ್ತದೆ, ಅವನ ಅಕ್ಕಿ ಒಂದು ಸೆಕೆಂಡು ತಡವಾಗಿ ಬೀಳುತ್ತದೆ. ಅದಕ್ಕೆ ಯಾರೂ ಲೇಟ್ ಹಾಕುವುದಿಲ್ಲ. ಕಟ್ಟೆಗೆ ಸಮ್ಮತಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲವೇನೋ ಅನಿಸಿತು. ಮೆಟ್ಟಿಲ ಕೆಳಗಿನ ಗಡಿಯಾರದ ತಪ್ಪು ಹನ್ನೊಂದು ನಿಮಿಷದ್ದಾಗಿರಲಿಲ್ಲ. ಅದು ಒಬ್ಬಂಟಿಯಾಗಿತ್ತು, ಒಬ್ಬಂಟಿಯಾಗಿದ್ದೇ ತೀರ್ಪು ಕೊಡುತ್ತಿತ್ತು.

4:53 ಆಯಿತು. ಒಳಗೆ ಹೋಗಿ ಒಂದೊಂದೇ ಶುರು ಮಾಡಿದೆ.

ಹಳೆಯ ಲೇಟುಗಳ ಲೆಕ್ಕವನ್ನೂ ತೆಗೆದೆ. ದಿನಕ್ಕೆ 1.7 ಸೆಕೆಂಡಿನಂತೆ ಹಿಂದೆ ಹಿಂದೆ ಹೋದರೆ ಯಾವ ದಿನ ಎಷ್ಟು ತಪ್ಪಿತ್ತೆಂದು ತಿಳಿಯುತ್ತದೆ, ಕಷ್ಟವೇನಿಲ್ಲ. ಆಫೀಸಿನವರು ಮೂರು ತಿಂಗಳದ್ದು ತಿದ್ದಿದರು. ಅದರ ಹಿಂದಿನದಕ್ಕೆ ಪಗಾರ ಕೊಟ್ಟಾಗಿದೆ, ದಫ್ತರ ಮುಚ್ಚಿದೆ ಎಂದರು. ಯಂತ್ರಕ್ಕೆ ಸುಳ್ಳು ಇತಿಹಾಸ ಬೇಡವೆಂದು ನಾನು ಹನ್ನೆರಡು ನಿಮಿಷ ಕಾದು ಕೂತಿದ್ದೆ. ಇವರು ಸುಳ್ಳು ಇತಿಹಾಸವನ್ನೇ ಮುಚ್ಚಿ ಸಹಿ ಹಾಕಿಟ್ಟಿದ್ದರು.

ಎರಡು ದಿನ ಬಿಟ್ಟು ಹೊತ್ತು ತಾಳೆಯಾಗುತ್ತಿದೆಯೇ ನೋಡಲು ಬೆಳಿಗ್ಗೆಯೇ ಹೋದೆ. ಆಕೆ ಹೆದ್ದಾರಿಯಿಂದ ಡಬ್ಬಿಯ ಚೀಲ ಹಿಡಿದುಕೊಂಡು ಓಡುತ್ತ ಬಂದಳು, ಬಸ್ಸು ತಡವಾಗಿತ್ತಂತೆ. ಬೆರಳು ಒತ್ತಿದಳು. 7:01. ಸೆರಗಿನಿಂದ ಮುಖ ಒರೆಸಿಕೊಂಡು ಮೊಬೈಲ್ ತೆಗೆದು ನೋಡಿದಳು. ಅಲ್ಲೂ 7:01.

“ಹೋಗ್ಲಿ ಬಿಡ್ರಿ ಅಣ್ಣಾ,” ಅಂದಳು. “ಇದೊಂದ್ ನಿಮಿಷ ಖರೇನ ನಂದು.”