ಪಾಠಕ್ರಮವೂ ಅರ್ಥಕ್ರಮವೂ

ಕ್ರಿ.ಶ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ಸಲ್ಲುತ್ತಿದೆ. ಪಾಕಶಾಲೆಯಲ್ಲಿ ಅನ್ನವು ಬೇಯದೆ ನೈವೇದ್ಯವಿಲ್ಲ. ತೆರೆಯ ಹಿಂದೆ ನೈವೇದ್ಯವು ಮುಗಿಯದೆ, ನವರಂಗದ ಕಂಬಗಳ ನಡುವೆ ಕೈಮುಗಿದು ನಿಂತ ಭಕ್ತನಿಗೆ ಪ್ರಸಾದವಿಲ್ಲ. ಇಂತಹ ಕ್ರಮವನ್ನು ನಿಯಮಿಸುವುದು ಶಾಸ್ತ್ರದ ಅಕ್ಷರವೋ, ಕರ್ಮದ ಸ್ವಭಾವವೋ?

ಈ ಪ್ರಶ್ನೆಯನ್ನು ಪೂರ್ವಮೀಮಾಂಸಕರಷ್ಟು ಶ್ರದ್ಧೆಯಿಂದ ವಿಚಾರಿಸಿದವರು ವಿರಳ. ಜೈಮಿನಿಸೂತ್ರಗಳ ಐದನೆಯ ಅಧ್ಯಾಯವು ಕ್ರಮವಿಚಾರಕ್ಕೇ ಮೀಸಲಾದುದು. ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿಗಳೆಂದು ಕ್ರಮಕ್ಕೆ ಆರು ಪ್ರಮಾಣಗಳು. ಅಗ್ನಿಹೋತ್ರದ ಪ್ರಸಂಗದಲ್ಲಿ ವೇದವು ಹೋಮವನ್ನು ಮೊದಲು ಹೇಳಿ ಗಂಜಿ ಬೇಯಿಸುವುದನ್ನು ಅನಂತರ ಹೇಳುತ್ತದೆಯಾದರೂ, ಹೋಮಿಸಬೇಕಾದ ದ್ರವ್ಯವೇ ಆ ಗಂಜಿಯಾದುದರಿಂದ ಬೇಯಿಸುವುದೇ ಮೊದಲೆಂದು ಅವರು ನಿರ್ಣಯಿಸಿದರು. ಅಪೌರುಷೇಯವೆಂದು ತಾವೇ ನಂಬಿದ ವಾಕ್ಯದ ಪಾಠಕ್ರಮಕ್ಕಿಂತ ಪ್ರಯೋಜನದ ಕ್ರಮವೇ ಬಲವತ್ತರವೆಂದ ಆ ಧೈರ್ಯವು ನನಗೆ ಪೂಜ್ಯವಾಗಿ ತೋರುತ್ತದೆ.

1995ರಲ್ಲಿ ಜನಿಸಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇದೇ ಸಮಸ್ಯೆಯು ಮರಳಿ ಬಂದಿದೆ. ದೇವಸ್ಥಾನದ ಸೇವೆಯನ್ನು ಕಾದಿರಿಸುವ ಜಾಲಪುಟವೊಂದನ್ನು ಊಹಿಸಿರಿ: ದಿನವು ತೆರವಿದೆಯೇ ಎಂದು ಸರ್ವರನ್ನು ಕೇಳಬೇಕು, ಹಣ ಪಡೆಯಬೇಕು, ರಸೀತಿ ಕೊಡಬೇಕು. ಸಾಲುಗಳನ್ನು ಈ ಕ್ರಮದಲ್ಲಿಯೇ ಬರೆದರೂ, ಸರ್ವರಿನ ಉತ್ತರಕ್ಕಾಗಿ ಭಾಷೆಯು ತಾನಾಗಿ ನಿಲ್ಲದೆ ಮುಂದಿನ ಸಾಲಿಗೆ ನಡೆದುಬಿಡುವುದರಿಂದ, ತೆರವಿಲ್ಲದ ದಿನಕ್ಕೂ ಹಣ ಕಡಿತವಾದೀತು. ಪಾಠವಿದೆ, ಅರ್ಥಕ್ರಮವಿಲ್ಲ.

2015ರಲ್ಲಿ ಭಾಷೆಯ ಪ್ರಮಾಣಗ್ರಂಥವನ್ನು ಸೇರಿದ ಪ್ರಾಮಿಸ್ ಎಂಬುದು ಇನ್ನೂ ಒದಗದ ಫಲದ ಸ್ಥಾನದಲ್ಲಿ ನಿಲ್ಲುವ ವಸ್ತು. ಒಂದು ಫಲಿಸಿದ ಮೇಲೆಯೇ ಇನ್ನೊಂದು ಆರಂಭವಾಗುವಂತೆ 'ದೆನ್' ಎಂಬುದರಿಂದ ಅವುಗಳನ್ನು ಪೋಣಿಸುತ್ತಾರೆ. 2017ರಲ್ಲಿ ಬಂದ 'ಅವೇಟ್' ಆ ಪೋಣಿಕೆಯನ್ನು ಸರಳ ವಾಕ್ಯದಂತೆ ಬರೆಯಲು ಅವಕಾಶವಿತ್ತಿತು. ಯಾಗವು ಇಂದು ಮುಗಿದು ಸ್ವರ್ಗವು ಎಂದೋ ಲಭಿಸುವುದಾದರೆ ನಡುವಣ ಕಾಲದಲ್ಲಿ ಕರ್ಮಫಲಗಳನ್ನು ಬಂಧಿಸುವುದು ಯಾವುದೆಂಬ ಆಕ್ಷೇಪಕ್ಕೆ ಮೀಮಾಂಸಕರು ಅಪೂರ್ವವೆಂಬ ಅದೃಷ್ಟಶಕ್ತಿಯನ್ನು ಕಲ್ಪಿಸಿ ಉತ್ತರವಿತ್ತುದು ಇಲ್ಲಿ ನೆನಪಾಗದಿರದು. ಆದರೂ ಭೇದವು ದೊಡ್ಡದು: ಅಪೂರ್ವವು ಮಾತನಾಡದು, ಪ್ರಾಮಿಸ್ ಭಂಗವಾದಾಗ ಕಾರಣವನ್ನೂ ತಿಳಿಸುತ್ತದೆ.

ಭಂಗದ ವಿಚಾರದಲ್ಲಿ ಶ್ರೌತಿಗಳ ದೂರದೃಷ್ಟಿಯು ಮಿಗಿಲಾದುದು. ಹವಿಸ್ಸು ಕೆಟ್ಟರೆ, ಪಾತ್ರೆ ಒಡೆದರೆ, ಅಗ್ನಿ ನಂದಿದರೆ ಮಾಡತಕ್ಕ ಪ್ರಾಯಶ್ಚಿತ್ತವನ್ನು ಅವರು ಮುಂಚಿತವಾಗಿಯೇ ವಿಧಿಸಿಟ್ಟರು. ಪ್ರಾಮಿಸ್‌ಗಳ ಸರಣಿಯಲ್ಲಿಯೂ ಒಂದು ಹೆಜ್ಜೆ ತಪ್ಪಿದೊಡನೆ ನಡುವಣ 'ದೆನ್'ಗಳನ್ನೆಲ್ಲ ದಾಟಿ ದೋಷವು 'ಕ್ಯಾಚ್' ಎಂಬಲ್ಲಿಗೆ ಬಂದು ಸೇರುತ್ತದೆ. ಅದನ್ನು ಬರೆಯದೆ ಬಿಡುವವರು ಅನೇಕರು. ಬರೆದಿದ್ದರೆ, ಪ್ರಾಯಶ್ಚಿತ್ತದ ಅನಂತರ ಯಾಗವು ಮುಂದುವರಿಯುವಂತೆ, ಕ್ಯಾಚಿನ ಮುಂದಿನ ದೆನ್‌ನಿಂದ ಸರಣಿಯು ಮತ್ತೆ ನಡೆಯುತ್ತದೆ.